ಜೋಳಪ್ಪನ ಇಪ್ಪತ್ತು ವರ್ಷ

ಮನೆಯಲ್ಲಿ ಹಾವು ಸಾಕಿದೀವಿ ಅಂದ ತಕ್ಷಣ ಜನ ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಒಂದೇ ಥರ. ಆಫೀಸಿನವರು "ಕಚ್ಚಲ್ವಾ?" ಅಂತಾರೆ. ಯುಗಾದಿ ಊಟದ ಸಾಲಿನಲ್ಲಿ ಸಿಕ್ಕ ಕನ್ನಡದವರು "ಹಾಲು ಕುಡಿಯುತ್ತಾ?" ಅಂತಾರೆ. ತೀರ್ಥಹಳ್ಳಿಯಿಂದ ಅಮ್ಮ ಮಾತ್ರ ಬೇರೆಯದೇ ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ಆಮೇಲೆ ಬರ್ತೀನಿ. ಮೊದಲೆರಡಕ್ಕೆ ಉತ್ತರ ಸುಲಭ.

ಕಚ್ಚಬಹುದು, ಆದರೆ ವಿಷ ಇಲ್ಲ. ಈಗಿನ ಅದರ ಗಾತ್ರಕ್ಕೆ ಗುಲಾಬಿ ಗಿಡದ ಮುಳ್ಳು ಗೀರಿದಷ್ಟೂ ಆಗಲಿಕ್ಕಿಲ್ಲ. ಹಾಲು ಕುಡಿಯೋದಿಲ್ಲ, ಯಾವ ಹಾವಿನ ಆಹಾರವೂ ಅದಲ್ಲ. ನಾಗರಪಂಚಮಿಗೆ ಬುಟ್ಟಿಯಲ್ಲಿ ತಂದ ಹಾವು ಹಾಲಿಗೆ ಬಾಯಿ ಹಾಕಿದರೆ, ಅದನ್ನ ಎಷ್ಟೋ ದಿನ ನೀರಿಲ್ಲದೆ ಇಟ್ಟಿದ್ದಾರೆ ಅಂತಲೇ ಅರ್ಥ.

ನಾವಿರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲೀ ಪಕ್ಕದ ಕ್ಯಾರಿಯಲ್ಲಿ. ನಮ್ಮ ಮನೆಗೆ ಬಂದಿರೋದು ಒಂದು ಕಾರ್ನ್ ಸ್ನೇಕ್ ಮರಿ. 1766ರಲ್ಲೇ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಿದ್ದ. ನಮ್ಮ ತೋಟದ ಕೇರೆಹಾವಿನ ದೊಡ್ಡ ಕುಟುಂಬಕ್ಕೇ ಸೇರಿದ್ದು, ಕೆಲಸವೂ ಅದೇ, ಇಲಿ ಹಿಡಿಯೋದು. ಜೋಳದ ಕಣಜದ ಸುತ್ತ ಇಲಿ ಹುಡುಕಿಕೊಂಡು ಓಡಾಡುತ್ತಿದ್ದರಿಂದ ಕಾರ್ನ್ ಸ್ನೇಕ್ ಆಯ್ತು ಅಂತ ಕೆಲವರು ಹೇಳ್ತಾರೆ. ಹೊಟ್ಟೆಯಡಿಯ ಚೌಕುಳಿ ಬಣ್ಣಬಣ್ಣದ ಜೋಳದ ಕಾಳಿನ ಹಾಗೆ ಕಾಣುತ್ತೆ, ಅದಕ್ಕೆ ಅಂತ ಇನ್ನು ಕೆಲವರು. ನನ್ನ ಗಂಡ ಹಾಸನದವನು. ಮರಿ ಬಂದ ದಿನದಿಂದ ಏನಾದರೊಂದರ ಅಡಿಗೆ ಅವಿತುಕೊಂಡೇ ಇರೋದು ನೋಡಿ, "ಇದು ಬರೀ ಜೋಳ ಅಲ್ಲ, ಮುಸುಕಿನ ಜೋಳ" ಅಂದ. ದಾಖಲೆಗೆ ಆ ಹೆಸರು, ಕರೆಯೋಕೆ ಜೋಳಪ್ಪ.

ಜೋಳಪ್ಪನನ್ನ ತಂದಿದ್ದು ಮರಿ ಮಾಡಿಸಿ ಮಾರುವ ಒಬ್ಬರಿಂದ. ಹೋಟೆಲಿನಲ್ಲಿ ಚಟ್ನಿ ಪಾರ್ಸೆಲ್ ಕೊಡ್ತಾರಲ್ಲ, ಅಂಥ ಡಬ್ಬಿಯಲ್ಲಿ, ಮುಚ್ಚಳಕ್ಕೆ ಗಾಳಿ ತೂತು ಕೊರೆದು ಕೊಟ್ಟರು. ಪೆನ್ಸಿಲ್ ದಪ್ಪ, ಒಂದಡಿ ಉದ್ದ, ತೂಕ ಒಂಬತ್ತು ಗ್ರಾಂ.

ಅದು ಬರೋಕೆ ಎರಡು ವಾರ ಮುಂಚೆಯೇ ಟ್ಯಾಂಕ್ ತಯಾರಾಗಿತ್ತು. ಹಾವಿನ ಮೈ ತನ್ನ ಬಿಸಿಯನ್ನ ತಾನೇ ಹುಟ್ಟಿಸಿಕೊಳ್ಳಲ್ಲ, ತಿಂದದ್ದು ಅರಗಬೇಕಾದರೂ ಹೊರಗಿನ ಶಾಖ ಬೇಕು. ಹಾಗಾಗಿ ಟ್ಯಾಂಕಿನ ಒಂದು ತುದಿ ಸುಮಾರು 30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24. ನಡುವೆ ಅದು ತನಗೆ ಬೇಕಾದ ಹಾಗೆ ಓಡಾಡಿಕೊಂಡಿರಬೇಕು. ಹೀಟ್ ಮ್ಯಾಟಿಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಹಾವಿನ ಹೊಟ್ಟೆ ಸುಟ್ಟುಹೋಗಬಹುದು. ಮುಚ್ಚಳಕ್ಕೆ ಕ್ಲಿಪ್ ಬೇಕೇ ಬೇಕು, ಕಿರುಬೆರಳು ತೂರದ ಸಂದಿಯಲ್ಲೂ ಇದು ಪರಾರಿ.

ನನಗೆ ತುಂಬಾ ಇಷ್ಟವಾದ ನಿಯಮ ಗೂಡಿನದು. ಅವಿತುಕೊಳ್ಳೋಕೆ ಗೂಡು ಒಂದು ಸಾಲದು, ಎರಡು ತುದಿಗೂ ಒಂದೊಂದು ಇಡಬೇಕು. ಒಂದೇ ಇದ್ದರೆ, ಬೆಚ್ಚಗಿರೋದಾ ಭದ್ರವಾಗಿರೋದಾ ಅನ್ನೋದರಲ್ಲಿ ಹಾವು ಒಂದನ್ನ ಆರಿಸಿಕೊಳ್ಳಬೇಕಾಗುತ್ತೆ. ಹೆದರಿದ ಹಾವು ಯಾವಾಗಲೂ ಭದ್ರತೆಯನ್ನೇ ಆರಿಸಿಕೊಂಡು, ತಣ್ಣಗಿನ ಮೂಲೆಯಲ್ಲೇ ಕೂತು ಕಾಯಿಲೆ ಬೀಳುತ್ತೆ. ಇದನ್ನ ಓದಿದ ದಿನ ನಾವಿಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಇನ್ನು ಊಟದ ವಿಷಯ. ನಾನು ಹುಟ್ಟಿದ್ದು ಮೊಟ್ಟೆಯೂ ಬಾರದ ಮನೆಯಲ್ಲಿ. ಈಗ ನಮ್ಮ ಮನೆಯಲ್ಲೊಂದು ಪುಟ್ಟ ಫ್ರೀಜರ್ ಇದೆ, ಅದರೊಳಗೆ ಇನ್ನೂ ಕೂದಲೇ ಬರದ ಇಲಿಮರಿಗಳಿವೆ. ಕಾಯಿತುರಿ, ನುಗ್ಗೆಕಾಯಿ ಇರುವ ಅಡುಗೆಮನೆ ಫ್ರೀಜರ್ ಬೇರೆ. ವಾರಕ್ಕೊಂದು ಮರಿ ತೆಗೆದು, ಬೇರೆಯೇ ಇಟ್ಟಿರುವ ಲೋಟದ ಬಿಸಿನೀರಲ್ಲಿ ಕರಗಿಸಿ, ಚಿಮುಟದಲ್ಲಿ ಹಿಡಿದು ಕೊಡಬೇಕು. ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು. ಜೀವಂತ ಇಲಿ ಕೊಡಲ್ಲ. ಅದು ಇಲಿಗೂ ಹಿಂಸೆ, ಇಲಿ ತಿರುಗಿ ಕಚ್ಚಿದರೆ ಹಾವಿಗೂ ಗಾಯ. ಜೋಳಪ್ಪನಿಗೆ ತರಕಾರಿ ಒಗ್ಗಿಸೋಕೆ ಬರಲ್ಲ. ಅದನ್ನ ಸಾಕೋದು ಅಂದರೆ ಅದರ ಊಟವನ್ನೂ ಒಪ್ಪಿಕೊಳ್ಳೋದು, ಕಣ್ಣು ಮುಚ್ಚಿಕೊಂಡಲ್ಲ, ತೆರೆದುಕೊಂಡು.

ಮೊದಲ ವಾರ ಮುಟ್ಟೋ ಹಾಗಿಲ್ಲ. ಹೊಸ ಜಾಗ, ಹೊಸ ವಾಸನೆ, ಅದರ ಪಾಲಿಗೆ ನಾವಿನ್ನೂ ತಿನ್ನೋಕೆ ಬಂದ ದೊಡ್ಡ ಪ್ರಾಣಿಗಳು. ನೀರು ಬದಲಾಯಿಸಿ, ಶಾಖ ನೋಡಿ ದೂರ ಸರೀಬೇಕು, ಅಷ್ಟೇ. ನಾಯಿಮರಿ ತಂದವರು ಅದನ್ನ ಎದೆಗವುಚಿಕೊಂಡ ಫೋಟೊ ಹಾಕ್ತಾರೆ. ನಾವು ಒಂದು ಖಾಲಿ ಟ್ಯಾಂಕಿನ ಫೋಟೊ ಕಳಿಸಿ "ಒಳಗಡೆ ಇದೆ, ನಂಬಿ" ಅಂತ ಬರೀತಿದ್ವಿ.

ಆ ವಾರ ಕಳೆದು ಮೊದಲ ಊಟ ಕೊಟ್ಟಾಗ ಜೋಳಪ್ಪ ತಿನ್ನಲಿಲ್ಲ. ಚಿಮುಟದ ತುದಿಯನ್ನೊಮ್ಮೆ ನಾಲಿಗೆಯಿಂದ ಮೂಸಿ ಗೂಡಿಗೆ ಹೋಯಿತು. ಹೊಸ ಜಾಗದಲ್ಲಿ ಇದು ಮಾಮೂಲು, ಐದು ದಿನ ಬಿಟ್ಟು ಮತ್ತೆ ಕೊಡಿ ಅಂತ ಎಲ್ಲರೂ ಹೇಳ್ತಾರೆ. ಆದರೆ ಒಂಬತ್ತು ಗ್ರಾಂ ಜೀವ ಎಷ್ಟು ದಿನ ತಡೆದೀತು ಅಂತ ನಮ್ಮ ಹೊಟ್ಟೆಯೊಳಗೆ ತಳಮಳ. ಅಮ್ಮ ದಿನಾ ವಾಟ್ಸಾಪಿನಲ್ಲಿ ಕೇಳೋಳು, "ತಿಂತಾ ಮಾರಾಯ್ತಿ?" ಹಾವು ತಂದ ಸುದ್ದಿ ಕೇಳಿ, "ಹಾವು ಅಂದ್ರೆ ದಾರಿ ಬಿಟ್ಟು ನಿಲ್ಲಬೇಕು ಕಣೆ, ಮನೆ ಒಳಗೆ ಇಟ್ಕೊಳ್ಳೋದಲ್ಲ" ಅಂತ ನಾಲ್ಕು ದಿನ ಮುನಿಸಿಕೊಂಡಿದ್ದವಳು ಇವಳೇ. ಎರಡನೇ ಸಲ, ರಾತ್ರಿ ದೀಪ ಆರಿಸಿ, ಇಲಿಮರಿಯನ್ನ ಗೂಡಿನ ಬಾಗಿಲಲ್ಲಿಟ್ಟು ಬಂದ್ವಿ. ಬೆಳಿಗ್ಗೆ ಇಲಿಮರಿ ಇರಲಿಲ್ಲ. ಜೋಳಪ್ಪನ ನಡುವಲ್ಲಿ ಒಂದು ಸಣ್ಣ ಉಬ್ಬು. ಅಮ್ಮನಿಗೆ ಫೋಟೊ ಕಳಿಸಿದೆ. "ಸದ್ಯ" ಅಂತ ಬರೆದಳು.

ಇಲ್ಲಿ ಒಂದು ತಮಾಷೆ ಇದೆ. ನಮ್ಮ ಮನೆಯಲ್ಲಿ ಈ ಮಣ್ಣಿನವನು ಅಂತ ಇದ್ದರೆ ಜೋಳಪ್ಪ ಒಬ್ಬನೇ. ನ್ಯೂಜೆರ್ಸಿಯಿಂದ ಫ್ಲಾರಿಡಾವರೆಗಿನ ಕಾಡು, ಹೊಲಗಳೇ ಇವನ ಜಾತಿಯ ಊರು. ನಮ್ಮ ಕಾಲೊನಿಯ ಹಿಂದಿನ ಪೈನ್ ಮರಗಳಡಿ ಇವನ ನೆಂಟರು ಈಗಲೂ ಇರಬಹುದು. ಆದರೂ ಕಂಡಲ್ಲಿ ಹೊಡೆಸಿಕೊಳ್ಳೋದು ತಪ್ಪಲ್ಲ. ಇಲ್ಲೇ ಇರುವ ಕಾಪರ್‌ಹೆಡ್ ಅನ್ನೋ ವಿಷದ ಹಾವಿನ ಮೈಬಣ್ಣವೂ ಕಂದು, ಕೆಂಪು ಅಂತ ಇದನ್ನೇ ಅದು ಅಂದುಕೊಂಡು ಜನ ಗುದ್ದಲಿ ತಗೊಳ್ತಾರೆ. ಹುಟ್ಟಿದೂರಲ್ಲೇ ಗುರುತು ತಪ್ಪಿ ಸಾಯೋದು. ನಮ್ಮ ಊರಲ್ಲಿ ಕಾನೂನು ಬೇರೆ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇರೆಹಾವನ್ನ ಹೊಡೆಯೋ ಹಾಗೂ ಇಲ್ಲ, ಹಿಡಿದು ಸಾಕೋ ಹಾಗೂ ಇಲ್ಲ. ಅಮ್ಮನ "ದಾರಿ ಬಿಟ್ಟು ನಿಲ್ಲಬೇಕು" ಅನ್ನೋದೂ ಹೆಚ್ಚೂ ಕಡಿಮೆ ಅದೇ.

ಈಗ ಅಮ್ಮನ ಪ್ರಶ್ನೆಗೆ ಬರ್ತೀನಿ. ಉಬ್ಬಿದ ಹೊಟ್ಟೆಯ ಫೋಟೊ ಕಳಿಸಿದ ರಾತ್ರಿ ಫೋನ್ ಮಾಡಿ, "ಅದು ಎಷ್ಟು ವರ್ಷ ಬದುಕುತ್ತೆ?" ಅಂತ ಕೇಳಿದಳು. ಚೆನ್ನಾಗಿ ನೋಡ್ಕೊಂಡ್ರೆ 15, 20 ವರ್ಷ ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ಮೆಲ್ಲಗೆ, "ಹಾಗಾದ್ರೆ ಅಷ್ಟು ವರ್ಷ ನೀವು ಅಲ್ಲೇ?"

ಎಂಟು ವರ್ಷದಲ್ಲಿ ಅವಳು ಈ ಪ್ರಶ್ನೆಯನ್ನ ನೇರವಾಗಿ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನಮ್ಮ ಬದುಕೆಲ್ಲ ಮೂರು ಮೂರು ವರ್ಷದ ಕಂತಿನದು. ಇಬ್ಬರದೂ ಎಚ್‌1ಬಿ, ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಕೆಲಸ ಹೋದರೆ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಇಲ್ಲಾಂದ್ರೆ ಗಂಟುಮೂಟೆ. ಕಳೆದ ವರ್ಷ ನನ್ನ ಟೀಮಿನಲ್ಲೇ ಇಬ್ಬರು ಹಾಗೆ ಹೊರಟರು. ಒಬ್ಬರ ಮಗಳು ಶಾಲೆಯ ನಾಟಕದ ಪ್ರಾಕ್ಟೀಸ್ ಅರ್ಧಕ್ಕೆ ಬಿಟ್ಟು ಹೋದಳು. ಇಂಥ ಲೆಕ್ಕದೊಳಗೆ 20 ವರ್ಷದ ಜೀವವೊಂದನ್ನ ಯಾಕೆ ತಂದಿರಿ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಅಮ್ಮನಿಗೆ, "ಗೊತ್ತಿಲ್ಲಮ್ಮ" ಅಂದೆ. ಅದು ನಿಜ. ಜೋಳಪ್ಪನ ವಿಷಯದಲ್ಲಿ ಮಾತ್ರ ಗೊತ್ತಿಲ್ಲ ಅನ್ನೋ ಉತ್ತರ ನಡೆಯಲ್ಲ. ಅದು ನಮ್ಮ ಜೊತೆ ವಿಮಾನ ಹತ್ತಲ್ಲ. ಇಲ್ಲಿಯದೇ ಹಾವು ಅಂತ ಹಿಂದಿನ ಕಾಡಿಗೆ ಬಿಡೋ ಹಾಗೂ ಇಲ್ಲ. ಡಬ್ಬಿಯಲ್ಲಿ ಬೆಳೆದದ್ದಕ್ಕೆ ಅಲ್ಲಿ ಬದುಕೋದು ಕಷ್ಟ, ಅದರ ಮೈಯ ರೋಗ ಕಾಡಿನ ಹಾವುಗಳಿಗೂ ಹತ್ತಬಹುದು. ಅದಕ್ಕೆ ತರೋ ಮುಂಚೆಯೇ, ಇಲ್ಲೇ ಹುಟ್ಟಿ ಬೆಳೆದ, ಮನೆಯಲ್ಲಿ ಆಗಲೇ ಎರಡು ಹಾವಿರುವ ಸಹೋದ್ಯೋಗಿಯೊಬ್ಬಳ ಹತ್ತಿರ ಮಾತಾಡಿದ್ವಿ. ನಾವು ಹೊರಡೋ ಹಾಗಾದರೆ ಜೋಳಪ್ಪ ಅವಳ ಮನೆಗೆ. ಊಟದ ತಾರೀಖು, ತೂಕ, ಪೊರೆ ಬಿಟ್ಟ ದಿನ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ತಿದೀವಿ, ಅವಳಿಗೆ ಅರ್ಥವಾಗಲಿ ಅಂತ ಇಂಗ್ಲಿಷಿನಲ್ಲಿ. ನಮ್ಮಿಬ್ಬರಿಗೆ ಇಂಥದ್ದೊಂದು ವ್ಯವಸ್ಥೆ ಇನ್ನೂ ಆಗಿಲ್ಲ.

ಹೋದ ವಾರ ಅದರ ಕಣ್ಣು ಹಾಲು ಬಿದ್ದ ಹಾಗೆ ಮಬ್ಬಾಗಿ, ಮತ್ತೆ ತಿಳಿಯಾಗಿ, ನಮ್ಮ ಮನೆಯಲ್ಲಿ ಮೊದಲ ಸಲ ಪೊರೆ ಬಿಟ್ಟಿತು. ಮೂತಿಯಿಂದ ಬಾಲದವರೆಗೆ ಒಂದೇ ತುಂಡು, ಕಾಲುಚೀಲ ತೆಗೆದ ಹಾಗೆ ಒಳಮೈ ಹೊರಗಾಗಿ. ತೂಕ ಈಗ ಹದಿಮೂರು ಗ್ರಾಂ. ಇನ್ನೆರಡು ಮೂರು ವರ್ಷದಲ್ಲಿ ನಾಲ್ಕಡಿ ಬೆಳೆಯುತ್ತೆ, ಆಗ ನಾಲ್ಕಡಿ ಉದ್ದದ ಟ್ಯಾಂಕೇ ಬೇಕು. ಎಂಟು ವರ್ಷದಲ್ಲಿ ನಾವು ಈ ದೇಶದಲ್ಲಿ ಸುಲಭಕ್ಕೆ ಮಾರಲಾಗದ, ಬಿಟ್ಟುಹೋಗಲಾಗದ ಒಂದು ಸಾಮಾನೂ ಕೊಂಡವರಲ್ಲ. ಊಟದ ಮೇಜು ಕೂಡ ಮಡಚೋದು. ಮೊನ್ನೆ ಶನಿವಾರ ಯಾರೋ ದೊಡ್ಡ ಟ್ಯಾಂಕ್ ಅರ್ಧ ಬೆಲೆಗೆ ಮಾರ್ತಿದ್ದರು. ಇಬ್ಬರೂ ಸೇರಿ ಹೊತ್ತು ತಂದ್ವಿ. ಸೂಟ್‌ಕೇಸ್‌ಗಳನ್ನ ಮಂಚದಡಿಗೆ ತಳ್ಳಿ, ಅವು ಇದ್ದ ಗೋಡೆಗೆ ಇದನ್ನ ಇಟ್ಟಿದೀವಿ.