ರೀಲ್ಸ್‌ಗೆ ಮಚ್ಚು ಕೊಡಲಿಲ್ಲ

2025ರ ಮಾರ್ಚ್‌ನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೆ ಬಿಗ್ ಬಾಸ್ ಖ್ಯಾತಿಯ ವಿನಯ್ ಗೌಡ, ರಜತ್ ಅವರನ್ನು ಬಸವೇಶ್ವರನಗರ ಪೊಲೀಸರು ಶಸ್ತ್ರಾಸ್ತ್ರ ಕಾಯ್ದೆಯಡಿ ಬಂಧಿಸಿದ್ರು. "ಮಚ್ಚು ಹಿಡಿದ್ರೇ ಕೇಸಾ? ಹಂಗಾದ್ರೆ ನಮ್ಮೂರೇ ಒಳಗಿರಬೇಕಿತ್ತು" ಅಂತ ಅಪ್ಪ ನಕ್ಕರು.

ಅಪ್ಪನ ಮಾತು ಕಾನೂನಿಗೂ ಗೊತ್ತು. 1959ರ ಆ ಕಾಯ್ದೆ ಕೇಂದ್ರದ್ದು, ದೇಶಕ್ಕೆಲ್ಲ ಒಂದೇ. 2016ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧ. ಮನೆಗೆಲಸಕ್ಕೆ, ಹೊಲಗೆಲಸಕ್ಕೆ ಅಂತ ಮಾಡಿದ್ದಕ್ಕೆ ವಿನಾಯಿತಿ. ಹೆಗ್ಗನಹಳ್ಳಿಯ ನಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿಗೆ ಅಂತ ಊರಿಂದ ತಂದ ಮಚ್ಚು ಬದುಕಿರೋದು ಆ ವಿನಾಯಿತಿಯಲ್ಲೇ.

ಮೊನ್ನೆ ವಠಾರದ ಹುಡುಗ ಬಂದು, "ಅಣ್ಣಾ, ಒಂದ್ ರೀಲ್ಸ್ ಮಾಡಿ ವಾಪಸ್ ಕೊಡ್ತೀನಿ" ಅಂದ. ಕೊಡಲಿಲ್ಲ. ರಸ್ತೆಯಲ್ಲಿ ಬೀಸಿ ತೋರಿಸಿದ ಮೇಲೆ ತೆಂಗಿನಕಾಯಿ ಕಥೆ ಯಾವ ಇನ್ಸ್‌ಪೆಕ್ಟರ್ ಕೇಳ್ತಾರೆ? ಇನ್ನು ಯಾರಿಗಾದರೂ ತಾಗಿತೋ, ಅದು ಯಾಕೆ ಮಾಡಿದ ಮಚ್ಚು ಅನ್ನೋ ಪ್ರಶ್ನೆಯೇ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 118ನೇ ಸೆಕ್ಷನ್‌ನಲ್ಲಿ, ಬೇಕಂತಲೇ ಕೊಯ್ದು ಗಾಯ ಮಾಡಿದರೆ 3 ವರ್ಷದವರೆಗೆ ಜೈಲು. ಗಾಯ ತೀವ್ರವಾದರೆ ಜೀವಾವಧಿಯೂ ಆಗಬಹುದು.

ನನಗೆ ಹೆಚ್ಚು ಭಯ ರಾಜ್ಯದ ಕೈಲಿರೋದರದ್ದು: ರೌಡಿಶೀಟ್, ಗಡಿಪಾರು, 1985ರ ಗೂಂಡಾ ಕಾಯ್ದೆ. ಆ ಕಾಯ್ದೆಯಲ್ಲಿ ವಿಚಾರಣೆ ಇಲ್ಲದೆ 1 ವರ್ಷದವರೆಗೆ ಒಳಗಿಡಬಹುದು. ಒಂದು ರೀಲ್ಸ್‌ಗೆ ಅಷ್ಟೆಲ್ಲ ಆಗಲ್ಲ, ನಿಜ. ಆದರೆ ಠಾಣೆಯಲ್ಲಿ ಹೆಸರು ಬೀಳೋದು ಹೀಗೇ ಶುರುವಾಗೋದು. ಹುಡುಗ ಐಟಿಐ ಮುಗಿಸಿ ಪೀಣ್ಯದಲ್ಲಿ ಕೆಲಸ ಹುಡುಕ್ತಿದ್ದಾನೆ.