ಪ್ಲಗ್ ಇಲ್ಲದ ಗಿಟಾರ್

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಗಿಟಾರ್ ಬಾರಿಸೋದು ನಾನೇ. ಗಣೇಶನ ಹಬ್ಬಕ್ಕೂ ನಾನೇ, ಆಫೀಸಿನ ಫ್ಯಾಮಿಲಿ ಡೇಗೂ ನಾನೇ. ಸಂಬಳ ತರೋದು ಜಾವಾ ಕೋಡು, ಲಿಫ್ಟಿನಲ್ಲಿ ನಮಸ್ಕಾರ ತರೋದು ಗಿಟಾರು. ಹಿಂಗಾಗಿ ಸಾಮಾನು ಬೆಳೀತಾ ಹೋಯ್ತು: ಪಿಕಪ್ ಇರುವ ಸ್ಟೀಲ್ ತಂತಿಯ ಗಿಟಾರ್, ಕಾಲ ಕೆಳಗೆ ಎರಡು ಪೆಡಲ್, ನಲವತ್ತು ವಾಟಿನ ಆಂಪ್. ಇದನ್ನೆಲ್ಲ ಹೊತ್ಕೊಂಡು ಎರಡು ವರ್ಷದ ಹಿಂದೆ ಶ್ರಾವಣದಾಗ ಊರಿಗೆ ಹೋಗಿದ್ದೆ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಘಟಪ್ರಭಾದಾಗ ಇಳಿದು ಟಂಟಂ ಹಿಡಿದರೆ ಇಪ್ಪತ್ತು ನಿಮಿಷಕ್ಕೆ ನಮ್ಮೂರು. ಎರಡೂ ಕಡೆ ಕಬ್ಬು, ನಡುವೆ ತಗ್ಗು ಬಿದ್ದ ರಸ್ತೆ. ಶ್ರಾವಣದ ಶನಿವಾರ ರಾತ್ರಿ ಹಣಮಪ್ಪನ ಗುಡಿಯಲ್ಲಿ ಭಜನಿ. ನನಗೆ ತಿಳುವಳಿಕೆ ಬಂದಾಗಿನಿಂದ ಅಲ್ಲಿ ಮುಂದಿನ ಸಾಲಿನಲ್ಲಿ ಕೂತು ತತ್ವಪದ ಹಾಡೋದು ನಮ್ಮಪ್ಪ.

ಆ ಶನಿವಾರ ಗುಡಿಯ ಟ್ಯೂಬ್‌ಲೈಟಿನ ಬೋರ್ಡಿಗೆ ನನ್ನ ಆಂಪ್ ಸಿಕ್ಕಿಸಿದೆ. ಹುಡುಗರು ಮೊಬೈಲ್ ಎತ್ತಿದರು. "ಇಂಜಿನಿಯರ್ ಸಾಹೇಬ್ರು ಗುಡಿ ಎಬ್ಬಿಸಿಬಿಟ್ರು" ಅಂದರು. ಖುಷಿ ಆಗಿತ್ತು ಅಂತ ಒಪ್ಕೋತೀನಿ.

ಮೂರು ತಿಂಗಳಾದ ಮೇಲೆ, ಬೆಂಗಳೂರಿನಲ್ಲಿ, ಆ ವಿಡಿಯೋ ಮತ್ತೆ ನೋಡಿದೆ. ಗಿಟಾರ್ ಕೇಳತದ. ತಬಲಾ ಕೇಳತದ. ಎಡಕ್ಕೆ ಅಪ್ಪನ ಬಾಯಿ ತೆರೀತದ, ಮುಚ್ಚತದ, ಕತ್ತಿನ ನರ ಉಬ್ಬತದ. ದನಿ ಇಲ್ಲ. ಇಯರ್‌ಫೋನ್ ಹಾಕ್ಕೊಂಡು ನೋಡಿದೆ, ಆಗಲೂ ಇಲ್ಲ.

ಫೋನಿನಲ್ಲಿ ಅವ್ವನ ಕೇಳಿದೆ. "ಅವರು ಭಜನಿಗಿ ಹೋಗೂದ ಬಿಟ್ಟಾರಪಾ. ಮೊಣಕಾಲ ಬ್ಯಾನಿ ಅಂತಾರ, ಅದೇನಲ್ಲ. ದನಿ ಏರವಲ್ದು" ಅಂದಳು.

ದನಿ ಏರವಲ್ದು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ, ಹಾಡುವ ಶ್ರುತಿಗೆ ಪಟ್ಟಿ. ಕರಿ ಎರಡು ಅಂದರೆ ಪೇಟಿಯ ಎರಡನೇ ಕಪ್ಪು ಮನೆಯನ್ನ ಸಾ ಅಂತ ಹಿಡಿಯೋದು. ಅಪ್ಪನ ಪಟ್ಟಿ ಮೊದಲಿನಿಂದ ಕರಿ ಎರಡು, ಇಡೀ ಮೇಳದ್ದೂ ಅದೇ. ಅರವತ್ತೈದು ದಾಟಿದ ಮೇಲೆ ಅವರ ದನಿ ಬಿಳಿ ಒಂದಕ್ಕೆ ಬಂದು ನಿಂತಿದೆ. ಲೆಕ್ಕಕ್ಕೆ ಮೂರೇ ಮನೆ ಕೆಳಗೆ. ಆದರೆ ಮೇಲಿನ ಸಾ ಮುಟ್ಟೋವಾಗ ಆ ಮೂರು ಮನೆ ಮೂರು ಮಾಳಿಗೆ ಆಗ್ತಾವ. ಪೇಟಿ ಮಾಸ್ತರ ನನಗಿಂತ ಸಣ್ಣ ಹುಡುಗ, ಒಳ್ಳೆಯವ, ಬೆರಳು ಮಾತ್ರ ಕರಿ ಎರಡಕ್ಕೇ ಪಳಗಿದಾವ. ಅವನಿಗೆ "ಇಳಿಸು" ಅನ್ನೋಕೆ ಅಪ್ಪನಿಗೆ ಸಂಕೋಚ. ಮೊದಲಾದರೆ ಕೈಯಲ್ಲಿ ಏಕತಾರಿ ಇರ್ತಿತ್ತು, ದನಿ ಇಳಿದಂಗೆ ತಂತಿ ಇಳಿಸಬಹುದಿತ್ತು. ಅದರ ಬುರುಡೆ ಒಡೆದು ವರ್ಷಗಳಾದವು. ಪೇಟಿ ಐತಲ್ಲ ಅಂತ ಯಾರೂ ಹೊಸದು ತರಲಿಲ್ಲ. ಇದರ ಮೇಲೆ ಮಗ ಆಂಪ್ ತಂದ.

ಹೋದ ವರ್ಷ ನಾನು ಕೊಂಡಿದ್ದು ಸಾದಾ ಕ್ಲಾಸಿಕಲ್ ಗಿಟಾರ್. ಪಿಕಪ್ ಇಲ್ಲ, ಪ್ಲಗ್ ಚುಚ್ಚೋಕೆ ತೂತೇ ಇಲ್ಲ. ಇಂಥ ಗಿಟಾರಿಗೆ ಮೊದಲು ಪ್ರಾಣಿಗಳ ಕರುಳಿನ ತಂತಿ ಇರ್ತಿತ್ತು, 1940ರ ದಶಕದಲ್ಲಿ ನೈಲಾನ್ ಬಂತು. ಸ್ಟೀಲಿನಂಗೆ ಕಿವಿಗೆ ಚುಚ್ಚೋದಿಲ್ಲ. ದೊಡ್ಡ ಮೈದಾನಕ್ಕೆ ಇದು ಸಾಲದು. ಮೂವತ್ತು ಜನ ಒತ್ತೊತ್ತಾಗಿ ಕೂತ ಜಾಗಕ್ಕೆ ಸರಿಯಾಗಿ ಸಾಲತದ, ಪಕ್ಕದವರು ಹಾಡಿದರೆ ಅವರ ದನಿ ಕೆಳಗೆ ಹೋಗಿ ಕೂಡತದ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಗೆಳೆಯರ ಜೊತೆ ಬಾರಿಸಿದಾಗ ಇದು ಗೊತ್ತಾಯ್ತು. ಆಂಪ್ ಇದ್ದಾಗ ಜನ ಚಪ್ಪಾಳೆ ಹೊಡೀತಿದ್ದರು, ಇದನ್ನ ಹಿಡಿದಾಗ ಹಾಡತಾರೆ. ಗೊತ್ತಿಲ್ಲದವರೂ ಬಂದು ಹುಲ್ಲಿನ ಮೇಲೆ ಕೂಡತಾರೆ.

"ಭಜನೆಗೆ ಗಿಟಾರಾ?" ಅಂತ ಕೇಳೋರಿದ್ದಾರೆ. ಪೇಟಿಯ ಜಾತಕ ಸ್ವಲ್ಪ ನೋಡ್ರಿ. 1842ರಲ್ಲಿ ಪ್ಯಾರಿಸಿನಲ್ಲಿ ಅಲೆಕ್ಸಾಂಡ್ರ ಡೆಬೇನ್ ಪೇಟೆಂಟ್ ಪಡೆದ ವಾದ್ಯ ಅದು. ನಮ್ಮ ಸಂಗೀತಕ್ಕೆ ಸಲ್ಲದು ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನ ಹೊರಗಿಟ್ಟಿತ್ತು. ಪಾರಿಜಾತದ ಕುಲಗೋಡ ತಮ್ಮಣ್ಣನ ಊರು, ಕೌಜಲಗಿ ನಿಂಗಮ್ಮನ ಊರು ಎರಡೂ ನಮ್ಮ ಸುತ್ತಿನವೇ. ಆ ಪಾರಿಜಾತದವರೂ ಇವತ್ತು ಪೇಟಿ ಇಲ್ಲದೆ ಕೂಡೋದಿಲ್ಲ.

ಊರಿಗೆ ಹೋದ ದಿನ ಜಿಟಿಜಿಟಿ ಮಳೆ. ಸಂಜೆಗೆ ಕರೆಂಟ್ ಹೋಯ್ತು. ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಎಲಿ-ಅಡಿಕಿ ಹಾಕ್ಕೋತಾ ಕೂತಿದ್ದರು. ನಾನು ಪೆಟ್ಟಿಗೆ ಬಿಚ್ಚಿದೆ. "ಅದರ ಡಬ್ಬಿ ಎಲ್ಲೈತಿ?" ಅಂದರು. ಆಂಪ್ ಬಗ್ಗೆ. "ತಂದಿಲ್ಲ" ಅಂದೆ.

ಒಂದು ಪದ ಹಾಡಿ ಅಂತ ಕಾಡಿದೆ. ಬಹಳ ಹೊತ್ತು ಬ್ಯಾಡ ಬ್ಯಾಡ ಅಂದವರು ಸಣ್ಣಗೆ ಶುರು ಮಾಡಿದರು. ಬಿಳಿ ಒಂದು, ಅಂದರೆ ನಮ್ಮ ಸಿ. ಹುರುಪಿನಲ್ಲಿ ಸಿ ಮೇಜರ್ ಕಾರ್ಡ್ ಒತ್ತಿದೆ. ಅಪ್ಪ ಕಣ್ಣು ಕಿರಿದು ಮಾಡಿದರು. "ಅನ್ನದಾಗ ಹರಳ ಸಿಕ್ಕಂಗ ಆಗತೈತೋ."

ಹರಳು ಯಾವುದು ಅಂತ ಹುಡುಕೋಕೆ ಹತ್ತು ನಿಮಿಷ ಹಿಡೀತು. ಪದದಲ್ಲಿ ಇರೋದು ಕೋಮಲ ಗಾಂಧಾರ, ನನ್ನ ಕಾರ್ಡಿನಲ್ಲಿ ಶುದ್ಧ ಗಾಂಧಾರ. ಮೇಜರ್ ಬಿಟ್ಟು ಮೈನರ್ ಹಿಡಿದರೆ ಇನ್ನೊಂದು ಸಾಲಿನಲ್ಲಿ ಇನ್ನೊಂದು ಹರಳು. ಕಡೆಗೆ ಕಾರ್ಡುಗಳ ಸಹವಾಸವೇ ಬೇಡ ಅಂತ ಕಿವಿ ತಿರುವೋಕೆ ಕೂತೆ. ಮೂರನೇ ತಂತಿ ಒಂದನ್ನು ಬಿಟ್ಟು ಉಳಿದ ಐದನ್ನೂ ಇಳಿಸಿದೆ. ದಪ್ಪ ತಂತಿಯಿಂದ ಹಿಡಿದು ಸಾ ಪಾ ಸಾ, ಪಾ ಪಾ ಸಾ. ಗಾಂಧಾರ ಎಲ್ಲೂ ಇಲ್ಲ, ಅದನ್ನ ಹಾಡೋವರಿಗೆ ಬಿಟ್ಟದ್ದು. ಆರೂ ತಂತಿ ಸುಮ್ಮನೆ ಮೀಟಿದರೆ ಸಾಕು, ಎಡಗೈಗೆ ಕೆಲಸವೇ ಇಲ್ಲ. ಇಷ್ಟು ಸಡಿಲಾದ ದಪ್ಪ ತಂತಿ ಪಟ್ಟಿಗೆ ಬಡಿದು ಗುಂಯ್ ಅಂತು. ಬೆಂಗಳೂರಿನಲ್ಲಾದರೆ ಇದನ್ನ ದೋಷ ಅಂತಿದ್ದೆ.

ಅಪ್ಪ ತಾಂಬೂಲ ಉಗುಳಿ ಬಂದು ಕೂತರು. ಮೊದಲ ಪದ ಕೂತಲ್ಲೇ, ಎರಡನೆಯದಕ್ಕೆ ಬೆನ್ನು ನೆಟ್ಟಗಾಯ್ತು. ಮೇಲಿನ ಸಾಕ್ಕೆ ಹೋದರು, ಒಂದು ಕ್ಷಣ ನಡುಗಿತು, ನಿಂತಿತು. ಪಕ್ಕದ ಮನೆಯ ಕಾಕಾ ಕತ್ತಲಲ್ಲೇ ತಾಳ ಹಿಡ್ಕೊಂಡು ಬಂದ. ಅವ್ವ ಒಲೆ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ನಿಂತಳು, ರೊಟ್ಟಿ ಹೊತ್ತಿದ ವಾಸನೆ ಬಂತು, ಯಾರೂ ಏನೂ ಅನ್ನಲಿಲ್ಲ.

ಶನಿವಾರ ಗುಡಿಗೆ ಬಂದರು. ಮೊಣಕಾಲಿನ ಮಾತು ಬರಲಿಲ್ಲ. ಪೇಟಿ ಮಾಸ್ತರನಿಗೆ ನಾನು ಬೇರೆ ಕರೆದು ವಿಷಯ ಹೇಳಿದ್ದೆ. "ನನಗ ಮೊದಲ ಹೇಳಬಾರದನ್ರಿ ಅಣ್ಣಾರ" ಅಂತ ಬೇಜಾರಾದ. ಅಪ್ಪನ ಎರಡು ಪದಕ್ಕೆ ಅವ ಪೇಟಿ ಮುಚ್ಚಿ ತಾಳ ಹಿಡಿದ. ಆಮೇಲೆ ಮೇಳ ಕರಿ ಎರಡಕ್ಕೆ ಏರಿತು. ನಾನು ಗಿಟಾರ್ ತೊಡೆ ಮೇಲೆ ಮಲಗಿಸಿ ಸುಮ್ಮನೆ ಕೂತೆ. ಆ ರಾತ್ರಿಯ ವಿಡಿಯೋ ಯಾರ ಹತ್ತಿರವೂ ಇಲ್ಲ.

ಹೊರಡೋ ದಿನ ಗಿಟಾರ್ ಪೆಟ್ಟಿಗೆಗೆ ಹಾಕೋಕೆ ಹೋದರೆ ಪೆಟ್ಟಿಗೆ ಖಾಲಿ. ಅದು ಪಡಸಾಲೆಯಲ್ಲಿ, ಒಡೆದ ಏಕತಾರಿ ನೇತುಹಾಕಿದ ಗೂಟದ ಕೆಳಗೆ, ಒಂದು ಟವೆಲ್ ಹೊದ್ದು ನಿಂತಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಖಾಲಿ ಪೆಟ್ಟಿಗೆಯನ್ನೂ ಅಲ್ಲೇ ಇಟ್ಟು ರೈಲು ಹತ್ತಿದೆ.

ಮುಂದಿನ ಬುಧವಾರ ಕ್ಲೈಂಟ್ ಕಾಲ್ ನಡುವೆ ಅಪ್ಪನ ಫೋನ್. ಯಾವತ್ತೂ ಹಗಲು ಹೊತ್ತು ಮಾಡೋರಲ್ಲ. ಗಾಬರಿಯಿಂದ ಮೀಟಿಂಗ್ ರೂಮಿನ ಹೊರಗೆ ಬಂದೆ.

"ಮಳಿಗಿ ಮ್ಯಾಲಿಂದ ಐದನೇದ್ದು ಇಳದೈತಿ. ಯಾವ ಕಿವಿ ತಿರುವ್ಲಿ?"

"ಮೊದಲು ಮೀಟಿ ಕೇಳಿಸ್ರಿ" ಅಂದೆ. ಅಪ್ಪ ಫೋನನ್ನ ಗಿಟಾರಿನ ಬಾಯಿಗೆ ಹಿಡಿದರು.