ಹಡಗು ಹತ್ತಿ ಅಂಡಮಾನಿಗೆ



ದ್ವೀಪ ಎಂದೊಡನೆ ನಿಮಗೆ ನೆನಪಾಗುವುದು ಮಾಲ್ಡೀವ್ಸ್, ಬಾಲಿ. ಮರುಕ್ಷಣವೇ ಜೇಬಿನ ನೆನಪೂ ಬಂದು ಆಸೆ ತಣ್ಣಗಾಗುತ್ತದೆ. ಅಷ್ಟು ದೂರ ಏಕೆ? ನಾವಿರುವ ಈ ಚೆನ್ನೈ ಬಂದರಿನಿಂದಲೇ ಹಡಗು ಹತ್ತಿದರೆ ಸುಮಾರು ಮೂರು ದಿನಗಳಲ್ಲಿ ಅಂಡಮಾನಿನಲ್ಲಿ ಇಳಿಯಬಹುದು. ಪಾಸ್‌ಪೋರ್ಟ್ ಬೇಡ, ಗುರುತಿನ ಚೀಟಿ ಸಾಕು. ಬೆನ್ನಿಗೊಂದು ಚೀಲ, ಕೈಯಲ್ಲಿ ಎರಡು ವಾರ ಬಿಡುವು ಇದ್ದರೆ ಹೊರಡಿ.

ಹಡಗು ತಿಂಗಳಿಗೆ ಕೆಲವೇ ಬಾರಿ ಹೊರಡುತ್ತದೆ; ದಿನಾಂಕವನ್ನು ಮೊದಲೇ ವಿಚಾರಿಸಿಕೊಳ್ಳಿ. ಅತಿ ಅಗ್ಗದ್ದು ಬಂಕ್ ಕ್ಲಾಸ್. ದೊಡ್ಡ ಹಜಾರದಲ್ಲಿ ರೈಲಿನ ಹಾಗೆ ಮೇಲೊಂದು ಕೆಳಗೊಂದು ಮಲಗುವ ಹಲಗೆಗಳು, ಎಲ್ಲರಿಗೂ ಸೇರಿ ಶೌಚಾಲಯ. ಅನುಕೂಲ ಕಡಿಮೆ, ಮಾತಿಗೆ ಮಾತ್ರ ಬರವಿಲ್ಲ. ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ ಜೊತೆಗಿರಲಿ. ತಲೆಸುತ್ತು, ವಾಂತಿಗೆ ಮಾತ್ರೆಯನ್ನೂ ಮರೆಯಬೇಡಿ. ರಜೆ ಸಾಲದವರು ಹೋಗುವಾಗ ಹಡಗು, ಬರುವಾಗ ವಿಮಾನ ಎಂದಿಟ್ಟುಕೊಳ್ಳಬಹುದು.

ಇಳಿಯುವುದು ಪೋರ್ಟ್ ಬ್ಲೇರಿನಲ್ಲಿ. 2024ರಲ್ಲಿ ಈ ಊರಿಗೆ ಶ್ರೀವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲನ್ನು ನೋಡದೆ ಮುಂದೆ ಹೋಗಬೇಡಿ. ಆಮೇಲೆ ಫೀನಿಕ್ಸ್ ಬೇ ಜೆಟ್ಟಿಗೆ ಬನ್ನಿ. ಹ್ಯಾವ್‌ಲಾಕ್, ನೀಲ್ ದ್ವೀಪಗಳಿಗೆ ಸರ್ಕಾರಿ ದೋಣಿ ಹೊರಡುವುದು ಇಲ್ಲಿಂದಲೇ. (ಇವಕ್ಕೆ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದು ಹೆಸರು.) ಹವಾನಿಯಂತ್ರಿತ ಖಾಸಗಿ ದೋಣಿಗಳೂ ಇವೆ, ಬೇಗ ತಲುಪಿಸುತ್ತವೆ, ಆದರೆ ದರ ಹಲವು ಪಟ್ಟು ಹೆಚ್ಚು. ಸರ್ಕಾರಿ ದೋಣಿಗೆ ಎರಡು ಗಂಟೆಯೋ ಎರಡೂವರೆ ಗಂಟೆಯೋ ಹಿಡಿಯುತ್ತದೆ. ಮೇಲಿನ ಅಟ್ಟದಲ್ಲಿ ಗಾಳಿಗೆ ಮುಖವೊಡ್ಡಿ ನಿಂತರೆ ಆ ಹೊತ್ತು ಕಳೆದದ್ದೇ ತಿಳಿಯುವುದಿಲ್ಲ.

ಸೀಟು ಸಿಗದಿದ್ದರೆ ಗೊಣಗಬೇಡಿ. ನಮಗೆ ಅದು ವಿಹಾರ, ಅಲ್ಲಿಯವರಿಗೆ ಅದೇ ಊರಿನ ಬಸ್ಸು. ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಹೊರಟ ರೋಗಿ, ತರಕಾರಿ ಸಾಗಿಸುವ ರೈತ, ಕಾಲೇಜಿನ ಹುಡುಗಿ ಎಲ್ಲರೂ ಅದರಲ್ಲೇ ಹೋಗಬೇಕು. ಒಂದು ದಿನ ತಡವಾದರೆ ನಮ್ಮದು ಹೋಗುವುದೇನು? ಕಡಿಮೆ ಖರ್ಚಿನಲ್ಲಿ ತಿರುಗುವವನು ಹಣದ ಬದಲು ಸಮಯವನ್ನು ಖರ್ಚು ಮಾಡಲು ಸಿದ್ಧನಿರಬೇಕು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ. ಮೇ ತಿಂಗಳಲ್ಲಿ ಮಳೆಗಾಲ ಹತ್ತಿರವಾದಂತೆ ದೋಣಿಗಳು ರದ್ದಾಗುವುದುಂಟು.

ನೀಲ್ ಚಿಕ್ಕ ದ್ವೀಪ. ಬಾಡಿಗೆ ಸೈಕಲ್ಲಿನಲ್ಲಿ ಒಂದೇ ದಿನದಲ್ಲಿ ಸುತ್ತಬಹುದು. ಹ್ಯಾವ್‌ಲಾಕಿನಲ್ಲಿ ರಾಧಾನಗರದ ತೀರ ಪಡುವಣಕ್ಕಿದೆ. ಸೂರ್ಯಾಸ್ತವನ್ನು ಅಲ್ಲೇ ನೋಡಬೇಕು. ಗಡಿಯಾರ ನಮ್ಮದೇ ಆದರೂ ದ್ವೀಪ ಬಹಳ ಪೂರ್ವಕ್ಕಿರುವುದರಿಂದ ಬೆಳಗಿನ ಐದಕ್ಕೇ ಬೆಳಕು ಹರಿದು, ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಮೊಸಳೆಯ ಎಚ್ಚರಿಕೆಯ ಫಲಕ ಕಂಡಲ್ಲಿ ನೀರಿಗಿಳಿಯಬೇಡಿ. ಹವಳದ ಚೂರನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ. ನಗದು ಹಣ ಸಾಕಷ್ಟಿರಲಿ.

ಇಷ್ಟನ್ನು ಯಾವ ಪ್ರವಾಸ ಕೈಪಿಡಿಯಾದರೂ ಹೇಳೀತು. ನಿಮ್ಮನ್ನೇ ಅಲ್ಲಿಗೆ ಹೋಗಿ ಎನ್ನುವುದಕ್ಕೆ ಬೇರೆ ಕಾರಣವಿದೆ. “ನಿಮ್ಮೂರು ಯಾವುದು?” ಎಂದರೆ ನೀವು ಒಂದು ಕ್ಷಣ ತಡವರಿಸುತ್ತೀರಿ, ಅಲ್ಲವೇ? ಹುಟ್ಟಿದ್ದು ಮಾಂಬಲದಲ್ಲಿ, ಅಜ್ಜಿಯ ಮನೆ ಹಾಸನದಲ್ಲಿ. ಇಲ್ಲಿ ಕನ್ನಡದವರು, ಅಲ್ಲಿ ಮದ್ರಾಸಿನವರು. ಅಂಡಮಾನಿನ ಪೇಟೆಯಲ್ಲಿ ಕಾಣುವ ಬಹುತೇಕ ಹುಡುಗ ಹುಡುಗಿಯರ ಕಥೆಯೂ ಹೀಗೆಯೇ.

1858ರಿಂದ ಬ್ರಿಟಿಷರು ದೇಶದ ಮೂಲೆಮೂಲೆಯ ಕೈದಿಗಳನ್ನು ಅಲ್ಲಿಗೆ ಸಾಗಿಸಿದರು. ಬೇರೆ ಬೇರೆ ಭಾಷೆಯ, ಜಾತಿಯ, ಧರ್ಮದ ಅವರಲ್ಲಿ ಕೆಲವರು ಅಲ್ಲೇ ಮದುವೆಯಾಗಿ ನೆಲೆಸಿದರು. ಅವರ ಸಂತತಿಯವರನ್ನು ‘ಲೋಕಲ್ ಬಾರ್ನ್’ ಎನ್ನುತ್ತಾರೆ. ಪೂರ್ವಿಕರ ಭಾಷೆಗಳು ಹಿಂದೆ ಸರಿದು, ಹಿಂದೂಸ್ತಾನಿಯೇ ಅವರ ಮನೆಮಾತಾಯಿತು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದ ನಿರಾಶ್ರಿತರಿಗೆ ಹ್ಯಾವ್‌ಲಾಕ್, ನೀಲ್‌ಗಳಲ್ಲಿ ಜಮೀನು ಕೊಟ್ಟರು. ಅವರ ಮೊಮ್ಮಕ್ಕಳು ಪೇಟೆಯಲ್ಲಿ ಹಿಂದಿ ಆಡಿದರೂ ಮನೆಯಲ್ಲಿ ಬಂಗಾಳಿಯನ್ನು ಬಿಟ್ಟಿಲ್ಲ. ಉತ್ತರದ ಮಾಯಾಬಂದರಿನ ಬಳಿ 1925ರಲ್ಲಿ ಬರ್ಮಾದಿಂದ ಬಂದು ನೆಲೆಸಿದ ಕರೆನ್ ಜನರ ವೇಬಿ ಎಂಬ ಹಳ್ಳಿಯಿದೆ. ರಾಂಚಿ ಸೀಮೆಯವರು, ತಮಿಳರು, ತೆಲುಗರು ಎಲ್ಲರೂ ಇದ್ದಾರೆ. ಯಾರ ನುಡಿ ಉಳಿಯಿತು, ಯಾರದು ಹೋಯಿತು, ಏಕೆ ಎಂಬುದನ್ನು ಪುಸ್ತಕಕ್ಕಿಂತ ದೋಣಿಯ ಬೆಂಚಿನ ಮೇಲೆ ಕುಳಿತು ಚೆನ್ನಾಗಿ ತಿಳಿಯಬಹುದು.

ಇವರೆಲ್ಲರಿಗಿಂತ ಸಾವಿರಾರು ವರ್ಷ ಮೊದಲೇ ಅಲ್ಲಿದ್ದವರನ್ನು ಮಾತ್ರ ಅವರ ಪಾಡಿಗೆ ಬಿಡಿ. ಮಾಯಾಬಂದರಿಗೆ ಹೋಗುವ ರಸ್ತೆ ಜಾರವಾ ಜನರ ಕಾಡನ್ನು ಹಾದುಹೋಗುತ್ತದೆ. ಅವರ ಫೋಟೋ ತೆಗೆಯುವುದು, ತಿನಿಸು ಕೊಡುವುದು ಅಪರಾಧ. ಹಡಗಿನಲ್ಲೂ ಅಲ್ಲಿಗೆ ಹೋಗಬಹುದು; ಅದೇ ಮೇಲು.

ದೋಣಿಯಲ್ಲಿ ಪಕ್ಕದಲ್ಲಿ ಕುಳಿತವರನ್ನು “ನಿಮ್ಮ ಅಜ್ಜ ಎಲ್ಲಿಯವರು?” ಎಂದು ಕೇಳಿ ನೋಡಿ. ಕಥೆ ಮುಗಿಯುವ ಮೊದಲೇ ದ್ವೀಪ ಬಂದಿರುತ್ತದೆ. ಆದರೆ ನೆನಪಿಡಿ, ಅವರೂ ಮರಳಿ ಅದನ್ನೇ ಕೇಳುತ್ತಾರೆ. ಹೊರಡುವ ಮುನ್ನ ಒಂದು ಸಂಜೆ ಅಜ್ಜಿಯ ಹತ್ತಿರ ಕುಳಿತು, ಊರು ಬಿಟ್ಟು ಬಂದ ಕಥೆಯನ್ನು ಕನ್ನಡದಲ್ಲೇ ಕೇಳಿಕೊಳ್ಳಿ. ಅದಕ್ಕೆ ಟಿಕೆಟ್ಟಿನ ಖರ್ಚೂ ಇಲ್ಲ.